ಅಣ್ಣನಿಗೆ ಹೇಳದ ಜಾಗ

ಆ ವಾರ ದರ್ಜಿಯ ಅಂಗಡಿಗೆ ಬಂದ ಮೂರನೆಯ ಮಳೆಕೋಟು ಅದು. ಮೂರೂ ಬೇರೆ ಬೇರೆಯವರವು, ಹರಿದದ್ದು ಮಾತ್ರ ಒಂದೇ ಕಡೆ. ಎಡ ಮೊಣಕೈಯ ಹಿಂದೆ, ಬೆಕ್ಕು ಪರಚಿದ ಹಾಗೆ ನಾಲ್ಕೈದು ಗೀರು. ಅಂಥ ಹರಕು ಎಲ್ಲಿ ಆಗುತ್ತದೆಂದು ಇಡೀ ಊರಿನಲ್ಲಿ ಗೊತ್ತಿದ್ದವನು ತಾನೊಬ್ಬನೇ ಎಂದು ದರ್ಜಿ ತಿಳಿದಿದ್ದ. ಅಂಗಡಿಯ ಗೋಡೆಗೆ ನೇತುಹಾಕಿದ್ದ ಅವನ ಸ್ವಂತ ಕೋಟಿಗೂ ಅಲ್ಲೇ ತೇಪೆಯ ಮೇಲೆ ತೇಪೆ.

ಕೋಟು ತಂದವನು ಬಸ್ಸಿನ ಡ್ರೈವರ್. ಹೇಗೆ ಹರಿಯಿತು ಅಂತ ದರ್ಜಿ ಸುಮ್ಮನೆ ಕೇಳಿದ ಹಾಗೆ ಕೇಳಿದ.

“ಬಂಡೆ ಸಂದಿಲಿ ತೂರ್ಕೊಂಡು ಹೋಗ್ಬೇಕಲ್ಲ, ಎರಡೂ ಕಡೆ ಚಿಪ್ಪು,” ಎಂದ ಡ್ರೈವರ್. “ನಿಮ್ಮ ಅಳಿಯಾನೇ ತೋರಿಸಿದ್ದು. ಯಾಕೆ, ನಿಮಗೆ ಹೇಳ್ಲಿಲ್ವಾ?”

ದರ್ಜಿ ಶನಿವಾರ ಕೊಡುತ್ತೇನೆ ಎಂದಷ್ಟೇ ಹೇಳಿ ಕೋಟನ್ನು ಮಡಚಿಟ್ಟ.

ಅಲ್ಲಿನ ಕಡಲಿನಲ್ಲಿ ಚಳಿಗಾಲ ಮುಗಿಯುವಾಗ ಮೂರೇ ಮೂರು ವಾರ ದೊಡ್ಡ ಮೀನು ದಡದ ಹತ್ತಿರ ಬರುತ್ತವೆ. ಗಾಳಿ ಮುಖ ಕೊಯ್ಯುವ ದಿನಗಳು. ಆದರೂ ಗಾಳದ ಕೋಲು ಇದ್ದವರೆಲ್ಲ ದಡದಲ್ಲಿ ನಿಲ್ಲುತ್ತಾರೆ, ಬಹಳಷ್ಟು ಜನ ಬರಿಗೈಯಲ್ಲಿ ವಾಪಸಾಗುತ್ತಾರೆ. ಹತ್ತೊಂಬತ್ತು ವರ್ಷದ ಹಿಂದೆ, ಇಳಿತದ ಹೊತ್ತಿನಲ್ಲಿ, ದರ್ಜಿಗೆ ಉತ್ತರದ ಬಂಡೆಗಳ ನಡುವೆ ಒಂದು ಸಂದಿ ಕಂಡಿತ್ತು. ಅಡ್ಡಡ್ಡವಾಗಿ ನುಸುಳಿ ಆಚೆ ಹೋದರೆ ನಾಲ್ಕು ಜನ ನಿಲ್ಲುವಷ್ಟು ಚಪ್ಪಟೆ ಜಾಗ, ಕೆಳಗೆ ಕಪ್ಪಗೆ ಆಳವಾದ ನೀರು. ಮೊದಲ ದಿನವೇ ಅವನ ತೋಳುದ್ದದ ಮೀನು ಎರಡು ಸಿಕ್ಕಿದವು.

ಅವನಿಗೆ ಗಾಳ ಕಟ್ಟುವುದನ್ನು ಕಲಿಸಿದವನು ಅಣ್ಣ. ಅಣ್ಣ ವೆಲ್ಡರ್. ಚಿಕ್ಕಂದಿನಿಂದ ಎಲ್ಲದರಲ್ಲೂ ಅಣ್ಣನೇ ಮುಂದು. ಅಪ್ಪ ನಾಲ್ಕು ಜನರ ಎದುರು ಹೊಗಳುತ್ತಿದ್ದದ್ದು ಅವನನ್ನೇ, ಒಳ್ಳೆಯ ಕೋಲು ಸಿಗುತ್ತಿದ್ದದ್ದೂ ಅವನಿಗೇ. ಆ ದಿನ ಮೀನು ನೋಡಿ ಅಣ್ಣ ಸಂತೋಷದಿಂದ ಎಲ್ಲಿ ಸಿಕ್ಕಿತು ಎಂದು ಕೇಳಿದಾಗ ದರ್ಜಿಯ ಬಾಯಿಂದ ತಾನಾಗಿಯೇ ಸುಳ್ಳು ಬಂತು. ದೀಪಸ್ತಂಭದ ಆಚೆಯ ಮರಳದಿಬ್ಬದ ಹತ್ತಿರ ಎಂದುಬಿಟ್ಟ. ಇದೊಂದಾದರೂ ತನ್ನದಾಗಿರಲಿ, ಒಂದು ವರ್ಷದ ಮಟ್ಟಿಗೆ, ಮುಂದಿನ ವರ್ಷ ಹೇಳಿದರಾಯಿತು ಅಂದುಕೊಂಡಿದ್ದ. ಮುಂದಿನ ವರ್ಷ ಹೇಳಬೇಕೆಂದರೆ ಹಿಂದಿನ ವರ್ಷದ ಸುಳ್ಳನ್ನೂ ಒಪ್ಪಿಕೊಳ್ಳಬೇಕಿತ್ತು. ಹಾಗೇ ಹತ್ತೊಂಬತ್ತು ವರ್ಷ ಹೋಯಿತು.

ಅಣ್ಣ ಪ್ರತಿ ವರ್ಷ ಮರಳದಿಬ್ಬದಲ್ಲಿ ಮಂಡಿಯವರೆಗಿನ ನೀರಿನಲ್ಲಿ ನಿಂತ. ಪ್ರತಿ ವರ್ಷ ದರ್ಜಿ ತನ್ನ ಮೀನಿನಲ್ಲೊಂದನ್ನು ಅತ್ತಿಗೆಯ ಕೈಗೆ ಕೊಟ್ಟುಬರುತ್ತಿದ್ದ. ಅತ್ತಿಗೆ ಮೈದುನನ ಕೈಗುಣವನ್ನು ಬಾಯ್ತುಂಬ ಹೊಗಳುತ್ತಿದ್ದಳು. ಅಣ್ಣನೂ ನಕ್ಕು ಹೌದೆನ್ನುತ್ತಿದ್ದ. ಎರಡು ವರ್ಷದ ಹಿಂದೆ ಅಣ್ಣನ ಮಂಡಿ ಪೂರ್ತಿ ಕೈಕೊಟ್ಟಿತು. ತಣ್ಣೀರಲ್ಲಿ ನಿಂತು ನಿಂತೇ ಹೀಗಾಯಿತು ಎಂದು ಡಾಕ್ಟರು ಹೇಳಿದರಂತೆ. ಆ ಮಾತನ್ನು ದರ್ಜಿ ಇಂದಿಗೂ ಜೀರ್ಣಿಸಿಕೊಂಡಿರಲಿಲ್ಲ.

ಹೋದ ವರ್ಷ ಮಗಳ ಮದುವೆಯಾಯಿತು. ಅಳಿಯ ಸಾಮಾನು ಸಾಗಿಸುವ ವ್ಯಾನಿನವನು, ನೆಂಟರು ಯಾರೇ ಕರೆದರೂ ಓಡುವ ಮನುಷ್ಯ. ಮಾವ ಮುಖ ಕೊಟ್ಟು ಮಾತಾಡುವುದಿಲ್ಲ ಅಂತ ಅವನಿಗೆ ಬೇಜಾರು ಎಂದು ಮಗಳು ಅಳುಮೋರೆ ಮಾಡಿದ್ದಳು. ಅವಳ ಸಮಾಧಾನಕ್ಕೆಂದು ದರ್ಜಿ ಅಳಿಯನನ್ನು ಆ ಸಂದಿಯ ಆಚೆ ಕರೆದೊಯ್ದ. ಒಡಹುಟ್ಟಿದವನಿಗೆ ಬಾಯಿ ಬಿಡದವನು ಮೂರು ತಿಂಗಳ ಅಳಿಯನಿಗೆ ಎಲ್ಲ ತೋರಿಸಿದ. ಯಾರಿಗೂ ಹೇಳಬೇಡಿ ಎಂದು ಎರಡೆರಡು ಸಲ ಹೇಳಿದ್ದ. ಅಳಿಯ ತಲೆಯಾಡಿಸಿದ್ದ. ಮೀನು ಹಿಡಿಯುವವರೆಲ್ಲ ಹಾಗೆ ಹೇಳುವುದು ವಾಡಿಕೆ ಎಂದು ಅವನು ತಿಳಿದಿದ್ದನೋ ಏನೋ.

ಡ್ರೈವರ್ ಹೋದ ಮೇಲೆ ದರ್ಜಿ ಅಂಗಡಿಯ ಬಾಗಿಲೆಳೆದು ನೇರ ಕಡಲಿಗೆ ನಡೆದ. ಮಧ್ಯಾಹ್ನ ಕಳೆದು ಕಡಲು ಇಳಿದಿತ್ತು. ಸಂದಿಯ ಬಾಯಲ್ಲಿ ಎರಡು ಬಕೆಟ್ಟು, ಯಾರದೋ ಬೂಟು ಬಿದ್ದಿದ್ದವು. ಒಳಗೆ ನುಸುಳಿ ನೋಡಿದರೆ ನಾಲ್ಕು ಜನರ ಜಾಗದಲ್ಲಿ ಏಳು ಮಂದಿ, ಏಳು ಕೋಲು. ಬೈಯಬೇಕೆಂದು ದಾರಿಯುದ್ದಕ್ಕೂ ಕೂಡಿಸಿಕೊಂಡ ಮಾತೆಲ್ಲ ಅವನ ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ನಡುವೆ ಮಡಚುವ ಕುರ್ಚಿಯೊಂದರಲ್ಲಿ ಕಂಬಳಿ ಹೊದ್ದು ಕೂತಿದ್ದವನು ಕಣ್ಣಿಗೆ ಬಿದ್ದ. ಅಣ್ಣ.

“ಬನ್ನಿ ಮಾವ,” ಎಂದ ಅಳಿಯ, ಮುಖವೆಲ್ಲ ನಗು. “ದೊಡ್ಡ ಮಾವ ಮನೇಲಿ ಕೂತು ಕೂತು ಸೊರಗಿ ಹೋಗಿದ್ರು. ನಾವು ಮೂರು ಜನ ಸೇರಿ ಎತ್ಕೊಂಡೇ ಬಂದ್ವಿ. ನಿಮ್ಮ ಈ ಹಳೇ ಜಾಗ ತೋರಿಸಿದ್ರೆ ಖುಷಿಯಾಗ್ತಾರೆ ಅಂತ.”

ಅಣ್ಣನ ಕಾಲ ಬಳಿ ಮೂರು ಮೀನು ಬಿದ್ದಿದ್ದವು. ಒಂದಿನ್ನೂ ಬಾಲ ಬಡಿಯುತ್ತಿತ್ತು. ಅಣ್ಣ ದಾರದ ಮೇಲಿನ ಕಣ್ಣು ತೆಗೆಯಲಿಲ್ಲ. ದರ್ಜಿ ಜನರ ನಡುವೆ ಜಾಗ ಮಾಡಿಕೊಂಡು ಕುರ್ಚಿಯ ಪಕ್ಕ ಕುಕ್ಕರುಗಾಲಲ್ಲಿ ಕೂತ. ಉಳಿದವರು ತಮ್ಮ ತಮ್ಮ ಗದ್ದಲದಲ್ಲಿದ್ದರು.

“ಎಷ್ಟು ವರ್ಷ ಆಯ್ತು?” ಎಂದು ಅಣ್ಣ ಮೆಲ್ಲಗೆ ಕೇಳಿದ.

ದರ್ಜಿಗೆ ಸುಳ್ಳು ಹೇಳುವ ಶಕ್ತಿ ಉಳಿದಿರಲಿಲ್ಲ. “ಹತ್ತೊಂಬತ್ತು,” ಎಂದ.

“ನಿನ್ನ ಅತ್ತಿಗೆ ನನ್ನ ಕೈಗುಣ ಸರಿ ಇಲ್ಲ ಅಂತಿದ್ಲು. ಮೀನೊಂದಕ್ಕೇ ಅಲ್ಲ, ಎಲ್ಲದಕ್ಕೂ. ಸ್ವಂತ ವೆಲ್ಡಿಂಗ್ ಶೆಡ್ ಹಾಕ್ಬೇಕು ಅಂತಿದ್ನಲ್ಲ, ನಿನ್ನ ಕೈಗೆ ಯಾವುದೂ ಹತ್ತಲ್ಲ, ಸುಮ್ನೆ ಕೆಲಸದಲ್ಲಿರು ಅಂದ್ಲು. ನಾನೂ ಹೌದು ಅಂತ ಬಿಟ್ಬಿಟ್ಟೆ.”

“ಅಣ್ಣಾ, ನಾನು ಹೇಳ್ಬೇಕು ಅಂತ—”

“ಕೇಳಿದ್ನಲ್ಲೋ ನಾನು. ಬಾಯಿಬಿಟ್ಟು ಕೇಳಿದ್ದೆ.”

ಅಷ್ಟೇ. ಅವನು ಬೈಯಲಿಲ್ಲ. ಬೈದಿದ್ದರೆ ದರ್ಜಿ ಕಾಲು ಹಿಡಿದಾದರೂ ಮುಗಿಸುತ್ತಿದ್ದ. ಅಣ್ಣ ಮತ್ತೊಮ್ಮೆ ಎರೆ ಸಿಕ್ಕಿಸಿ, ಕೂತಲ್ಲಿಂದಲೇ, ಹಿಂದಿನ ಹಾಗೇ ಸಲೀಸಾಗಿ ದಾರ ಬೀಸಿದ. ಸೀಸದ ಗುಂಡು ದೂರ ಹೋಗಿ ಬಿತ್ತು. ಅಷ್ಟು ದೂರ ದರ್ಜಿ ಒಮ್ಮೆಯೂ ಬೀಸಿದವನಲ್ಲ.

ಉಬ್ಬರ ಏರತೊಡಗಿದಾಗ ಎಲ್ಲರೂ ಎದ್ದರು. ಅಣ್ಣನನ್ನು ಸಂದಿ ದಾಟಿಸಲು ಅಳಿಯ ಒಂದು ಕಡೆ ಹಿಡಿದ. ಇನ್ನೊಂದು ಕಡೆ ದರ್ಜಿ ಕೈ ಚಾಚಿದ.

“ಬೇಡ,” ಎಂದ ಅಣ್ಣ, ಯಾರಿಗೂ ಏನೂ ಅನ್ನಿಸದಷ್ಟು ಸಾಧಾರಣ ದನಿಯಲ್ಲಿ. “ಡ್ರೈವರಣ್ಣ ಹಿಡ್ಕೋತಾರೆ.”

ಆಗತಾನೇ ಬಂದಿದ್ದ ಡ್ರೈವರ್, ಹರಿದ ಕೋಟಿನ ಬದಲು ಸ್ವೆಟರ್ ಹಾಕಿಕೊಂಡವನು, ಅಣ್ಣನ ಕಂಕುಳಿಗೆ ಭುಜ ಕೊಟ್ಟ. ದರ್ಜಿ ಕುರ್ಚಿ ಮಡಚಿಕೊಂಡು ಎಲ್ಲರ ಹಿಂದೆ ಹೊರಟ.

ಆಮೇಲೆ ಅವನು ಮೂರು ಸಲ ಅಣ್ಣನ ಮನೆಗೆ ಹೋದ. ಮೂರು ಸಲವೂ ಟೀ ಬಂತು, ಮಂಡಿಯ ಮಾತು ಬಂತು, ಚಳಿ ಇನ್ನೂ ಬಿಟ್ಟಿಲ್ಲ ಎಂಬ ಮಾತು ಬಂತು. ಅಣ್ಣ ಅತ್ತಿಗೆಗೂ ಹೇಳಿರಲಿಲ್ಲ. ಅವಳು ಮೈದುನನನ್ನು ಮೊದಲಿನಂತೆಯೇ ಉಪಚರಿಸುತ್ತಿದ್ದಳು. ಮೂರನೆಯ ಸಲ ಅಂಗಳದಲ್ಲಿ ಒಣಗಲು ಹಾಕಿದ್ದ ಅಣ್ಣನ ಹೊಸ ಪ್ಯಾಂಟು ನೋಡಿದ. ಇಷ್ಟು ವರ್ಷ ಅಣ್ಣನ ಬಟ್ಟೆಯೆಲ್ಲ ಹೊಲಿದವನು ಅವನೇ. ಇದರ ಹೊಲಿಗೆ ಬೇರೆ ಯಾರದೋ ಕೈಯದು, ಕಾಲಿನ ಅಂಚು ಸ್ವಲ್ಪ ಸೊಟ್ಟಗಿತ್ತು. ಬಿಚ್ಚಿ ಸರಿಮಾಡಿಕೊಡಲೇ ಎಂದು ಕೇಳಬೇಕೆಂದುಕೊಂಡವನು ಅಂಚನ್ನು ಬೆರಳಲ್ಲಿ ಒಮ್ಮೆ ನೀವಿ ಬಿಟ್ಟ. ಚಪ್ಪಲಿ ಮೆಟ್ಟಿಕೊಂಡು ಹೊರಟುಬಂದ.