ತಲೆಕೆಳಗಿನ ಉತ್ತರ

ಮಗಳು ತೀರಿಕೊಂಡ ಅಪ್ಪನ ಬೆರಳುಗಳನ್ನು ಒದ್ದೆ ಬಟ್ಟೆಯಲ್ಲಿ ಒರೆಸುತ್ತಲೇ ಇದ್ದಳು. ಉಗುರಿನ ಸಂದಿಯ ಮಸಿ ಮಾತ್ರ ಹೋಗಲಿಲ್ಲ.

"ಬಿಡಮ್ಮ, ನಲವತ್ತು ವರ್ಷ ಅಚ್ಚುಮೊಳೆ ಜೋಡಿಸಿದ ಕೈ," ಎಂದ ಹಿಂದೆ ಅಪ್ಪನ ಜೊತೆ ಪ್ರೆಸ್ಸಿನಲ್ಲಿ ಮಿಷನ್ ಓಡಿಸುತ್ತಿದ್ದ ಮುದುಕ. "ಗಾಡಿ ಬರೋ ಹೊತ್ತಾಯ್ತು."

ವಾರಪತ್ರಿಕೆಯ ಮಕ್ಕಳ ಪುಟಕ್ಕೆ ಲೆಕ್ಕದ ಒಗಟು ಬರೆಯುತ್ತಿದ್ದುದೂ ಅಪ್ಪನೇ, ಮೊಳೆ ಜೋಡಿಸುತ್ತಿದ್ದುದೂ ಅಪ್ಪನೇ. ಉತ್ತರ ಮಾತ್ರ ಪುಟದ ಕೆಳಗೆ ತಲೆಕೆಳಗಾಗಿರುತ್ತಿತ್ತು.

"ಊರಿಗೆಲ್ಲ ಒಗಟು ಹೇಳೋರು, ಮಗಳ ಹತ್ರ ಮಾತ್ರ ಹೇಳ್ತಿರಲಿಲ್ಲ. ಯಾಕಮ್ಮ?" ಬೈಂಡಿಂಗ್ ಕೆಲಸದ ಹೆಂಗಸು ಕೇಳಿದಳು.

"ನಾನೇ ಬೇಡ ಅಂದಿದ್ದೆ."

ಒಮ್ಮೆ ಒಂದು ಉತ್ತರ ತಪ್ಪಾಗಿ ಅಚ್ಚಾಗಿದ್ದುದು ಅಪ್ಪನಿಗೆ ಗೊತ್ತಿತ್ತೇ? ಆಸ್ಪತ್ರೆಯಲ್ಲಿ ಹನ್ನೊಂದು ದಿನ ಪಕ್ಕದಲ್ಲೇ ಕೂತಿದ್ದರೂ ಅದೊಂದನ್ನು ಅವಳು ಕೇಳಿರಲಿಲ್ಲ.

*

ಆಗ ಅವಳು ಮೂರನೇ ಕ್ಲಾಸು. ಟೀಚರು ವಾರಪತ್ರಿಕೆಯಿಂದ ಅಪ್ಪನ ಒಗಟು ಓದಿದರು: ಎಂಟಡಿ ಬಾವಿಯ ತಳದಲ್ಲೊಂದು ಬಸವನಹುಳು. ಹಗಲು ಮೂರಡಿ ಹತ್ತುತ್ತದೆ, ರಾತ್ರಿ ಎರಡಡಿ ಜಾರುತ್ತದೆ. ಮೇಲೆ ಬರುವುದು ಎಷ್ಟನೇ ದಿನ?

ಅವಳು ಬೋರ್ಡಿನ ಮೇಲೆ 6 ಎಂದು ಬರೆದಳು. ಟೀಚರು ಪುಟವನ್ನು ತಲೆಕೆಳಗೆ ತಿರುಗಿಸಿ ನೋಡಿದರು. 9.

"ಅಪ್ಪನ ಒಗಟೇ ಬಿಡಿಸೋಕೆ ಬರಲ್ವಲ್ಲೇ ನಿಂಗೆ."

ಇಡೀ ಕ್ಲಾಸು ನಕ್ಕಿತು.

ಸಂಜೆ ಅವಳು ಬಾಗಿಲಲ್ಲೇ ಅಪ್ಪನನ್ನು ತಡೆದಳು. "ಆರನೇ ದಿನ ಐದಡಿಯಿಂದ ಹೊರಟ್ರೆ ಎಂಟಕ್ಕೆ ಬಂತಲ್ಲ. ಆಚೆ ಬಂದ್ಮೇಲೆ ಎಲ್ಲಿ ಜಾರುತ್ತಪ್ಪ?"

ಚಪ್ಪಲಿ ಬಿಡುತ್ತಿದ್ದ ಅಪ್ಪ ತಲೆ ಎತ್ತಲಿಲ್ಲ. "ಅಚ್ಚಾಗಿರೋದೇ ಸರಿ. ಹೋಗಿ ಕೈಕಾಲು ತೊಳ್ಕೋ."

ಆಮೇಲೆ ಅವಳು ಆ ಪುಟ ಓದಲಿಲ್ಲ. ಲೆಕ್ಕ ಬಿಟ್ಟು ಹೊಲಿಗೆ ಕಲಿತಳು.

*

"ಬಸವನಹುಳು ಒಗಟು ನೆನಪಿದೆಯಾ ನಿಮಗೆ?" ಮುದುಕನನ್ನು ಮಗಳು ಕೇಳಿದಳು.

"ಮರೆಯೋದುಂಟಾ? ಉತ್ತರದ ಸಾಲು ತಿರುಗಿಸಿಟ್ಟ ಮೇಲೆ ನಿಮ್ಮಪ್ಪ ಮುಕ್ಕಾದ ಆರರ ಮೊಳೆ ಬದಲಾಯಿಸಿದ. ಉಳಿದದ್ದೆಲ್ಲ ತಲೆಕೆಳಗೆ, ಆರೊಂದು ನೆಟ್ಟಗೆ ಕೂತ್ಬಿಡ್ತು. ಪುಟ ತಿರುಗಿಸಿದ್ರೆ ಒಂಬತ್ತು. ತಿದ್ದುಪಡಿ ಹಾಕಿ ಅಂತ ಮಾಲೀಕರನ್ನ ಕೇಳಿದ. ತಪ್ಪು ಮಾಡಿದೋನನ್ನ ಮೊದಲು ಮನೆಗೆ ಕಳಿಸ್ತೀನಿ ಅಂದ್ರು. ಬಾಯಿ ಮುಚ್ಕೊಂಡ."

ಬಟ್ಟೆ ಹಿಡಿದ ಕೈ ನಿಂತಿತು. "ಹಾಗಾದ್ರೆ ಗೊತ್ತಿತ್ತು."

"ಗೊತ್ತಿಲ್ದೆ? ಅಲ್ಲಿಂದ ಪತ್ರಿಕೆ ನಿಲ್ಲೋವರೆಗೂ ಯಾವ ಒಗಟಾದ್ರೂ ಉತ್ತರ ಆರೇ. ಕುರಿ ಎಷ್ಟು? ಆರು. ಏಣಿಗೆ ಮೆಟ್ಟಿಲೆಷ್ಟು? ಆರು. ಮಕ್ಕಳು ಆರಜ್ಜ ಅಂತಿದ್ರು. ಒಗಟು ಓದ್ದೇನೇ ಉತ್ತರ ಕಳಿಸ್ತಿದ್ರು." ಮುದುಕ ಹೊದಿಕೆಯ ಅಂಚು ಸರಿಮಾಡಿದ. "ನಿನ್ನೆದುರು ಹೇಳೋಕೆ ನಾಚಿಕೆ ಅವನಿಗೆ. ಒಂದಿನ ತಿರುಗಿಸಿ ನೋಡ್ತಾಳೆ ಬಿಡು ಅಂತಿದ್ದ."

"ವಾರವಾರ ಮನೆಗೇ ತರ್ತಿದ್ರಲ್ಲ," ಎಂದಳು ಬೈಂಡಿಂಗ್ ಹೆಂಗಸು. "ಒಂದ್ಸಲಾನೂ ನೋಡ್ಲಿಲ್ವಾ?"

"ನೋಡ್ದೇನೇ ಕತ್ತರಿಸಿ ಹೊಲಿಗೆಗೆ ಅಳತೆ ಹಾಳೆ ಮಾಡ್ಕೊಳ್ತಿದ್ದೆ."

ಹೊರಗೆ ಗಾಡಿ ಬಂದು ನಿಂತಿತು. ಯಾರೋ ಅವಳನ್ನು ಕರೆದರು. ಅವಳು ಒಳಗೆ ಹೊಲಿಗೆ ಮಿಷನ್ನಿನ ಬಳಿ ಹೋಗಿ, ಗೋಡೆಯ ಮೊಳೆಗೆ ಸಿಕ್ಕಿಸಿದ್ದ ಹಳೆಯ ಅಳತೆ ಹಾಳೆಗಳನ್ನು ಇಳಿಸಿಕೊಂಡಳು. ಕಾಲರು, ಬೆನ್ನು, ತೋಳು. ಒಂದೊಂದನ್ನೇ ತಿರುಗಿಸಿದಳು. ತೋಳಿನ ಹಾಳೆಯ ಅಂಚಿನಲ್ಲಿ 'ಉತ್ತರ:' ಎಂದಿತ್ತು. ಅದರ ಮುಂದೆ, ಅಂಕಿ ಇರಬೇಕಾದ ಕಡೆ, ಕತ್ತರಿ ದುಂಡಗೆ ಹಾಯ್ದು ಹೋಗಿತ್ತು.