ಎಲ್ಲರೂ ಇಳಿದ ಮೇಲೆ

ಬೆಳಗಿನಿಂದ ಗೌತಮಿ ಮೂರು ಸಲ ಚೀಲ ಬಿಚ್ಚಿ ಮತ್ತೆ ಕಟ್ಟಿದ್ದಳು. ಮೂವತ್ತಾರು ವರ್ಷದವಳು, ತಿಕೋಟಾದ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರು, ಐವತ್ತು ಹುಡುಗರ ಗದ್ದಲವನ್ನು ಬರೀ ಕಣ್ಣಲ್ಲೇ ಅಡಗಿಸುವವಳು. ಆ ಧೈರ್ಯವೆಲ್ಲ ಈಗ ಯಾವ ಬಸ್ಸು ಹತ್ತಿ ಹೋಗಿತ್ತೋ ಏನೋ. ಬಬಲೇಶ್ವರದ ಆಚೆಗಿನ ಕೆರೆಯ ದಂಡೆಯಲ್ಲಿ, ತೋಳಿನ ಮೇಲೆ ಅರವತ್ತನಾಲ್ಕು ಎಂದು ಬರೆಸಿಕೊಂಡು, ಮೈಗಂಟಿದ ಕರಿ ಉಡುಪಿನಲ್ಲಿ ನಿಂತವಳು, ಹೊದೆಯಲು ಒಂದು ಟವೆಲ್ ಆದರೂ ಕೈಯಲ್ಲಿರಬೇಕಿತ್ತು ಎಂದು ಹಳಹಳಿಸುತ್ತಿದ್ದಳು.

ಟ್ರಯಥ್ಲಾನ್ ಎಂಬ ಹೆಸರು ಅವಳ ಅಪ್ಪನ ಬಾಯಲ್ಲಿ ಇನ್ನೂ ಹೊರಳಿರಲಿಲ್ಲ. ‘ಆ ಮೂರರದ್ದು’ ಎನ್ನುತ್ತಿದ್ದ. ಮೊದಲು ಕೆರೆಯಲ್ಲಿ ಮುಕ್ಕಾಲು ಕಿಲೋಮೀಟರ್ ಈಜು, ಆಮೇಲೆ ತಿಕೋಟಾ ಕಡೆಗೆ ಹತ್ತು ಕಿಲೋಮೀಟರ್ ಸೈಕಲ್ ತುಳಿದು ಹೊಳ್ಳಿ ಬರುವುದು, ಕೊನೆಗೆ ಕೆರೆಯ ಏರಿಯ ಮೇಲೆ ಐದು ಕಿಲೋಮೀಟರ್ ಓಟ. ಸೈಕಲ್ಲಿನ ಚಿಂತೆ ಅವಳಿಗಿರಲಿಲ್ಲ, ಸೈಕಲ್ ಸವಾರರ ಊರಾದ ವಿಜಯಪುರದಲ್ಲಿ ಬೆಳೆದವಳು. ಓಟ ಆಗದಿದ್ದರೆ ನಡೆದರಾಯಿತು. ಪೀಕಲಾಟವೆಲ್ಲ ನೀರಿನದೇ. ಅರ್ಧ ಗಂಟೆಯೊಳಗೆ ನೀರಿನಿಂದ ಹೊರಬರದವರಿಗೆ ಸೈಕಲ್ ಕೊಡುವುದಿಲ್ಲ, ಚೀಲ ಎತ್ತಿಕೊಂಡು ಮನೆಗೆ ಹೋಗಬೇಕು. ಈಜುಕೊಳದಲ್ಲಿ, ಪ್ರತಿ ಗೋಡೆಗೂ ನಿಂತು ದಣಿವಾರಿಸಿಕೊಳ್ಳುತ್ತ, ಅವಳು ಇಷ್ಟು ದೂರಕ್ಕೆ ತೆಗೆದುಕೊಂಡ ಅತಿ ಕಡಿಮೆ ವೇಳೆ ಇಪ್ಪತ್ತೇಳು ನಿಮಿಷ.

ಅವರ ಮನೆತನದಲ್ಲಿ ಈಜು ಕಲಿತವರೇ ಇರಲಿಲ್ಲ. ಕಲಿಯಲು ಬಾವಿಯಾದರೂ ಎಲ್ಲಿತ್ತು? ಅಪ್ಪ ಧರ್ಮರಾಜ ಹುಟ್ಟಿದ ಹಳ್ಳಿಯ ಹೆಸರು ಇಲ್ಲಿ ಬೇಡ. ಒಂದೂರಿನ ಹೆಸರು ಹೇಳಿದರೆ ಉಳಿದ ಊರುಗಳು ತಾವು ಬಚಾವಾದೆವೆಂದು ತಿಳಿಯುತ್ತವೆ. ಆ ಊರಿನ ಬಾವಿಯ ಮೆಟ್ಟಿಲು ಇವರ ಓಣಿಯವರ ಕಾಲಿಗಲ್ಲ. ಧರ್ಮರಾಜ ಚಿಕ್ಕವನಿದ್ದಾಗ ಕೊಡ ಇಟ್ಟುಕೊಂಡು ದೂರದಲ್ಲಿ ನಿಲ್ಲುತ್ತಿದ್ದ. ಊರವರದೆಲ್ಲ ತುಂಬಿದ ಮೇಲೆ ಯಾರಿಗಾದರೂ ಮನಸ್ಸು ಬಂದರೆ ಮೇಲಿನಿಂದ ಸುರಿಯುತ್ತಿದ್ದರು. ಅವನ ಓರಗೆಯ ಹುಡುಗರು ಅದೇ ಬಾವಿಗೆ ಧುಮುಕಿ ಈಜು ಕಲಿತರು. ಇವನು ಆ ಸಪ್ಪಳವನ್ನಷ್ಟೇ ಕೇಳಿ ದೊಡ್ಡವನಾದ. ಆಮೇಲೆ ಅಂಚೆ ಇಲಾಖೆಯ ನೌಕರಿ ಬಂತು, ವಿಜಯಪುರದಲ್ಲಿ ಮನೆಯಾಯಿತು, ಪಿಂಚಣಿಯೂ ಬಂತು. ನೀರಿನ ಭಯ ಮಾತ್ರ ಹೋಗಲಿಲ್ಲ, ಮಗಳಿಗೂ ಅದನ್ನೇ ದಾಟಿಸಿದ.

ಎಂಟು ತಿಂಗಳ ಹಿಂದೆ ಈಜುಕೊಳದ ತರಬೇತಿಯ ರುಕ್ಸಾರ ಅವಳನ್ನು ಕೈಹಿಡಿದು ಇಳಿಸಿದ್ದಳು. ಮೊದಲ ತಿಂಗಳು ಗೌತಮಿ ಕೊಳದ ಅಂಚಿನ ಕಂಬಿ ಬಿಡಲಿಲ್ಲ. ಮನೆಯಲ್ಲಿ ಹೇಳಿದಾಗ ಅಪ್ಪ ಪೇಪರು ಹಿಡಿದು ಹೊರಗಿನ ಕಟ್ಟೆಗೆ ಹೋಗಿ ಕೂತ. ಮೂರನೆಯ ದಿನ, ನೀರು ಎಷ್ಟು ಆಳವಿದೆ ಎಂದು ಕೇಳಿದ. ಇವತ್ತು ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಬೇಡವೆಂದರೂ ಕೇಳದೆ ಜೊತೆಗೆ ಬಂದಿದ್ದ. ಸಾಲಿನಲ್ಲಿ ನಿಲ್ಲುವ ಮೊದಲು ಅವಳನ್ನು ಪಕ್ಕಕ್ಕೆ ಕರೆದು ಒಂದೇ ಮಾತು ಹೇಳಿದ.

“ಗದ್ದಲದಾಗ ಹೋಗಬ್ಯಾಡ ತಂಗಿ. ಎಲ್ಲಾರೂ ಇಳೀಲಿ, ಎಲ್ಲಾರದೂ ಆದಮ್ಯಾಲ ನೀ ಇಳಿ.”

ಬುದ್ಧಿವಂತಿಕೆಯ ಮಾತೆಂದೇ ಅವಳಿಗೂ ಅನಿಸಿತು. ಸೀಟಿ ಊದಿದರು. ತೊಂಬತ್ತು ಮಂದಿ ಮೊಣಕೈ ತಿವಿಯುತ್ತ, ಕೆಸರು ಎರಚುತ್ತ ನೀರಿಗೆ ನುಗ್ಗಿದರು. ಗೌತಮಿ ಸರಿದು ನಿಂತಳು. ಈಜಿನ ಕನ್ನಡಕ ಸರಿಮಾಡಿಕೊಳ್ಳುತ್ತಿದ್ದವರು ಇಳಿದರು. ಟೋಪಿ ಮರೆತು ಹೊಳ್ಳಿ ಬಂದಿದ್ದ ಒಬ್ಬ ದಪ್ಪನೆಯ ಮನುಷ್ಯನೂ ಇಳಿದ. ಅವಳು ಕೈಕಟ್ಟಿಕೊಂಡು ನಿಂತೇ ಇದ್ದಳು. ಸೀಟಿ ಹಿಡಿದ ಹುಡುಗ ಹತ್ತಿರ ಬಂದು, ಮೇಡಂ, ನೀವು ಬರುವುದಿಲ್ಲವೇ ಎಂದು ಕೇಳಿದಾಗಲೇ ಅವಳಿಗೆ ಎಚ್ಚರ. ದೊಡ್ಡ ಗಡಿಯಾರದಲ್ಲಿ ಮೂರು ನಿಮಿಷ ಓಡಿಹೋಗಿತ್ತು. ಇಪ್ಪತ್ತೇಳಕ್ಕೆ ಮೂರು ಕೂಡಿಸಿದರೆ ಎಷ್ಟೆಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಜೀವ ಬಾಯಿಗೆ ಬಂದು ಇಳಿದಳು. ಕೊಳದ ನೀರಿನಲ್ಲಿ ತಳ ಕಾಣುತ್ತದೆ, ತಳದಲ್ಲಿ ಒಂದು ಗೆರೆ ಇರುತ್ತದೆ, ಗೆರೆ ಹಿಡಿದು ಹೋದರೆ ಗೋಡೆ ಸಿಗುತ್ತದೆ. ಇಲ್ಲಿ ಮುಖ ಮುಳುಗಿಸಿದರೆ ಚಹಾದ ಬಣ್ಣದ ಕತ್ತಲೆ. ತನ್ನ ಕೈಯೇ ತನಗೆ ಕಾಣಲಿಲ್ಲ. ನಾಲ್ಕು ಸಲ ಕೈ ಬೀಸುವಷ್ಟರಲ್ಲಿ ಉಸಿರು ಕಟ್ಟಿತು. ಕಾಲ ಕೆಳಗೆ ಏನೂ ಇಲ್ಲ ಎಂಬುದು ನೆನಪಾದದ್ದೇ, ರುಕ್ಸಾರ ಕಲಿಸಿದ್ದೆಲ್ಲ ತಲೆಯಿಂದ ಹಾರಿಹೋಯಿತು. ನಾಯಿಯ ಹಾಗೆ ನೀರು ಬಡಿಯುತ್ತ, ಕಾವಲಿಗಿದ್ದ ದೋಣಿಯ ಅಂಚನ್ನು ಹೇಗೋ ಹಿಡಿದುಕೊಂಡಳು.

ದೋಣಿಯಲ್ಲಿದ್ದವನು ಮೀನು ಹಿಡಿಯುವ ಭಾಗಪ್ಪ. ಹಿಡಿದುಕೊಂಡು ದಣಿವಾರಿಸಿಕೊಳ್ಳಬಹುದು, ನಾನು ಎಳೆದುಕೊಂಡು ಹೋಗುವ ಹಾಗಿಲ್ಲ ಅಷ್ಟೇ, ಸಾಕಾದರೆ ಹೇಳಿ, ಮೇಲೆ ಎತ್ತಿಕೊಳ್ಳುತ್ತೇನೆ ಎಂದ. ಸಾಕು ಎನ್ನುವ ಮಾತು ಅವಳ ನಾಲಿಗೆಯ ತುದಿಗೆ ಬಂದಿತ್ತು. ಉಳಿದವರ ಟೋಪಿಗಳು ಆಗಲೇ ದೂರದಲ್ಲಿ ತೇಲುತ್ತಿದ್ದ ಗುರುತಿನ ಚೆಂಡನ್ನು ಸುತ್ತಿ ಹೊಳ್ಳುತ್ತಿದ್ದವು. ನಾನು ಯಾಕೆ ನಿಂತೆ ಎಂದು ತನ್ನನ್ನೇ ಕೇಳಿಕೊಂಡಳು. ಹೆದರಿ ನಿಂತದ್ದಲ್ಲ, ಹೆದರಿಕೆ ಆಮೇಲೆ ಬಂದದ್ದು. ತೊಂಬತ್ತು ಮಂದಿಯಲ್ಲಿ ಒಬ್ಬರಿಗೂ ಕಾಯಬೇಕೆಂದು ತೋಚಲಿಲ್ಲ. ಅವಳ ಕಾಲಿಗೆ ಮಾತ್ರ ಅದು ಗೊತ್ತಿತ್ತು. ಅವಳು ಕಂಡೇ ಇರದ ಆ ಬಾವಿಯ ಸರದಿಯಲ್ಲಿ ಕಾಲು ತಾನಾಗಿಯೇ ನಿಂತುಬಿಟ್ಟಿತ್ತು. ಅವಳಿಗೆ ವಿಪರೀತ ಸಿಟ್ಟು ಬಂತು. ಯಾರ ಮೇಲೆಂದು ಗೊತ್ತಾಗಲಿಲ್ಲ. ಅಪ್ಪನ ಮೇಲಂತೂ ಅಲ್ಲ. ಆ ಸಿಟ್ಟಿನಲ್ಲೇ ದೋಣಿ ಬಿಟ್ಟಳು.

ಆಮೇಲಿನದು ಅವಳಿಗೆ ಚೂರುಚೂರಾಗಿ ನೆನಪಿದೆ. ಚೆಂಡು ಸುತ್ತಿದ್ದು, ದಾರಿ ತಪ್ಪಿ ಜೊಂಡಿನ ಕಡೆ ಹೋಗಿದ್ದು, ಭಾಗಪ್ಪ ಕೂಗಿ ತಿರುಗಿಸಿದ್ದು. ಬಾಯಿಗೆ ನೀರು ಹೊಕ್ಕಿತು, ತೋಳು ತನ್ನದಲ್ಲವೆಂಬಷ್ಟು ಭಾರವಾಯಿತು. ದಂಡೆಯಿಂದ ಸೀಟಿಯ ಹುಡುಗ ಇನ್ನೆರಡು ನಿಮಿಷ ಎಂದ, ಇನ್ನೊಂದು ನಿಮಿಷ ಎಂದ. ಕಾಲಿಗೆ ನೆಲ ಸಿಕ್ಕಿತು, ಆದರೆ ಅದು ಬರೀ ರಾಡಿ. ಎದ್ದು ನಿಂತವಳು ಮೊಣಕಾಲವರೆಗೆ ಹೂತು ಮುಗ್ಗರಿಸಿ ಮುಳುಗಿದಳು. ಮತ್ತೆ ಎದ್ದಳು, ಮತ್ತೆ ಬಿದ್ದಳು.

ಕಣ್ಣು ಒರೆಸಿ ನೋಡಿದರೆ ಎದುರಿಗೆ ಅಪ್ಪ. ಬೂಟು ಸಮೇತ ನೀರಿಗೆ ಇಳಿದಿದ್ದ. ತೊಡೆಯವರೆಗೆ ನೀರು, ಮುಂದೆ ಚಾಚಿದ ಕೈ.

“ಅಜ್ಜಾರ, ಮುಟ್ಟಬ್ಯಾಡ್ರಿ,” ಎಂದು ಸೀಟಿಯ ಹುಡುಗ ಕೂಗಿದ. “ನೀವು ಮುಟ್ಟಿದ್ರ ಅವ್ರು ಔಟ್ ಆಗ್ತಾರ.”

ಪಾಪ, ಆ ಹುಡುಗನಿಗೆ ಗೊತ್ತಿದ್ದದ್ದು ಆಟದ ನಿಯಮ ಅಷ್ಟೇ. ಅಪ್ಪನ ಕೈ ಮಾತ್ರ ಗಾಳಿಯಲ್ಲೇ ನಿಂತಿತು, ಮುಖದ ಬಣ್ಣ ಹೋಯಿತು. ಮುಟ್ಟಬ್ಯಾಡ ಎಂಬ ಆ ಶಬ್ದ ಕೇಳಿದರೆ ಹಿಂದಕ್ಕೆ ಸರಿಯಬೇಕೆಂದು ಅವನ ಮೈ ಕಲಿತಿತ್ತು. ಈಗ ಸರಿಯುತ್ತಾನೆ ಎಂದು ಗೌತಮಿಯ ಎದೆ ಒಡೆಯಿತು. ಅವನು ಸರಿಯಲಿಲ್ಲ. ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ, ಅವಳ ಮಗ್ಗುಲಿಗೆ ಬಂದ, ಒಂದು ಗೇಣು ಬಿಟ್ಟು ದಂಡೆಯ ಕಡೆ ಹೆಜ್ಜೆ ಹಾಕುತ್ತ ಸಣ್ಣ ದನಿಯಲ್ಲಿ ಹೇಳಿದ.

“ನಿಲ್ಲಬ್ಯಾಡ ತಂಗಿ, ನಡಿ. ತಪ್ಪು ನಂದು. ಕಾಯೂದು ನನ್ನ ಪಾಲಿಗಿತ್ತು. ನಿನಗ ಅದನ್ನ ಕಲಿಸಬಾರದಿತ್ತು ನಾ.”

ಗೌತಮಿ ಅಳುತ್ತ, ಅಂಬೆಗಾಲಿಕ್ಕುತ್ತ ಈಜಿನ ಕೊನೆಗೆಂದು ದಂಡೆಯಲ್ಲಿ ಹಾಸಿದ್ದ ಚಾಪೆ ಮುಟ್ಟಿದಳು. ಗಡಿಯಾರದಲ್ಲಿ ಇಪ್ಪತ್ತೊಂಬತ್ತು ನಿಮಿಷ ನಲವತ್ತೆಂಟು ಸೆಕೆಂಡು.

ಹೆಲ್ಮೆಟ್ಟನ್ನು ಮೊದಲು ಹಿಂದುಮುಂದಾಗಿ ಹಾಕಿಕೊಂಡಳು, ಆಮೇಲೆ ಸರಿಮಾಡಿಕೊಂಡು ಸೈಕಲ್ ಹತ್ತಿದಳು. ದ್ರಾಕ್ಷಿ ತೋಟ, ಜೋಳದ ಹೊಲ, ಎದುರು ಗಾಳಿ, ಯಾವುದರ ಮೇಲೂ ಅವಳಿಗೆ ಗಮನವಿಲ್ಲ. ಅಪ್ಪ ನೀರಿನಿಂದ ಮೇಲೆ ಬಂದನೋ ಇಲ್ಲವೋ, ರಾಡಿಯಲ್ಲಿ ಕಾಲು ಜಾರಿತೋ, ಎಲ್ಲರೆದುರು ಯಾರಾದರೂ ಗದರಿಸಿದರೋ ಎಂಬುದೇ ತಲೆಯಲ್ಲಿ. ಹೋಗುವ ಹತ್ತು ಕಿಲೋಮೀಟರ್ ಮುಗಿಯಲೇ ಇಲ್ಲ. ಬರುವ ಹತ್ತರಲ್ಲಿ ಮೂವರನ್ನು ಹಿಂದೆ ಹಾಕಿದಳು, ಅದೂ ಅವಳಿಗೆ ಗೊತ್ತಾಗಲಿಲ್ಲ.

ಸೈಕಲ್ ಇಳಿಯುವಾಗ, ಅವಳಿಗಾಗಿ ದಂಡೆಯಲ್ಲಿ ಕಾಯುತ್ತಿದ್ದ ರುಕ್ಸಾರ ಓಡಿ ಬಂದಳು. ನಿಮ್ಮಪ್ಪ ನೀರಿನಲ್ಲೇ ನಿಂತು ಒಂದು ತಾಸು ಆಗುತ್ತ ಬಂತು, ಎಷ್ಟು ಕರೆದರೂ ಮೇಲೆ ಬರುತ್ತಿಲ್ಲ ಎಂದಳು. ಗೌತಮಿ ಕೆರೆಯ ಕಡೆ ನೋಡಿದಳು. ಈಜುವವರೆಲ್ಲ ಯಾವಾಗಲೋ ಹೋಗಿದ್ದರು. ಖಾಲಿ ನೀರಿನಲ್ಲಿ ಅಪ್ಪ ಒಬ್ಬನೇ ನಿಂತಿದ್ದ. ಪ್ಯಾಂಟು ನೀರಿನಲ್ಲಿ, ಬಿಳಿ ಅಂಗಿ ಮೇಲೆ. ಬೊಗಸೆಯಲ್ಲಿ ನೀರೆತ್ತಿ ಮುಖಕ್ಕೆ ಹಾಕಿಕೊಂಡ, ಮತ್ತೆ ಬೊಗಸೆ ತುಂಬಿಕೊಂಡ.

“ಯಪ್ಪಾ, ಥಂಡಿ ಹತ್ತತೈತಿ. ಮ್ಯಾಲ ಬಾ,” ಎಂದಳು.

“ನೀ ಓಡು,” ಎಂದ ಅಪ್ಪ. “ನಾ ಇನ್ನೊಂದೀಟು ನಿಲ್ತೇನಿ. ಯಾರೂ ಏನೂ ಅನ್ನವಲ್ರು.”

ಗೌತಮಿ ಬೂಟಿನ ಲೇಸು ಬಿಗಿದು ಏರಿಯ ದಾರಿ ಹಿಡಿದಳು.