ಹಳೆ ಮೋರಿಸ್ಸಿನ ಬೆಲೆ

ನನ್ನ ಗಂಡ ಹೋಟೆಲಿನ ಒಳಗೆ ಎಷ್ಟು ಜಾಣರೋ, ಹೋಟೆಲಿನ ಮೆಟ್ಟಿಲು ಇಳಿದ ಮೇಲೆ ಅಷ್ಟೇ ಪೆದ್ದರು. ಇದನ್ನು ಅವರ ಎದುರಿಗೇ ಎಷ್ಟೋ ಸಲ ಹೇಳಿದ್ದೇನೆ, ಹಾಗಾಗಿ ಬರೆಯಲು ನನಗೆ ಸಂಕೋಚವಿಲ್ಲ. ಮದ್ರಾಸಿನ ಟ್ರಿಪ್ಲಿಕೇನಿನಲ್ಲಿ ನಮ್ಮ ಹೋಟೆಲು, ಅದರ ಬೆನ್ನಿಗೇ ಮನೆ. ಗಿರಾಕಿಗಳಿಗೆ ಅವರು ವಿಷ್ಣುಮೂರ್ತಿ ಭಟ್ಟರು. ನನಗೆ ಮದುವೆಯಾದಂದಿನಿಂದ ಬರೀ ‘ಇವರು’.

ಐವತ್ತೈದರಲ್ಲಿ ಇವರು ಒಂದು ಮೋರಿಸ್ ಕಾರು ಕೊಂಡರು. ಪ್ಯಾರೀಸ್ ಕಾರ್ನರಿನ ಯಾವುದೋ ಕಂಪನಿಯ ದೊರೆ ಮನೆ ಖಾಲಿ ಮಾಡಿ ವಿಲಾಯತಿಗೆ ಹೊರಟಿದ್ದ. ಮೇಜು, ಕುರ್ಚಿ, ಕಪಾಟುಗಳ ಜೊತೆಗೆ ಕಾರನ್ನೂ ಸಿಕ್ಕಿದ ಬೆಲೆಗೆ ಬಿಟ್ಟುಬಿಟ್ಟ. ಬಳಸಿದ ವಸ್ತು ಅಗ್ಗಕ್ಕೆ ಸಿಗುವುದು ಸಹಜವೇ ಎಂದು ಇವರು ಸಂತೋಷವಾಗಿ ಕೊಂಡು ತಂದರು.

ಕಾರು ಕೊಂಡದ್ದು ಶೋಕಿಗಲ್ಲ, ನಮ್ಮ ಅತ್ತೆಗಾಗಿ. ಅತ್ತೆಯ ಹೆಸರು ಅಕ್ಕು. ಅವರ ತಂಗಿ ರಮಾಬಾಯಿ, ನನಗೆ ಸಣ್ಣತ್ತೆ, ಮದ್ರಾಸಿನ ಹೊರವಲಯದ ಪಲ್ಲಾವರಂನಲ್ಲಿ ಮಗನ ಮನೆಯಲ್ಲಿದ್ದರು. ಅಕ್ಕತಂಗಿಯರು ಇಬ್ಬರೂ ಸಣ್ಣ ಪ್ರಾಯದಲ್ಲೇ ಗಂಡನನ್ನು ಕಳೆದುಕೊಂಡವರು. ಏಕಾದಶಿಯಂದು ಒಂದು ಗುಟುಕು ನೀರೂ ಕುಡಿಯುತ್ತಿರಲಿಲ್ಲ. ಮರುದಿನ ದ್ವಾದಶಿಯ ಮುಂಜಾನೆ ಎಲೆ ಹಾಕಿ ಉಪವಾಸ ಬಿಡುವ ಊಟವನ್ನು ಮಾತ್ರ ಇಬ್ಬರೂ ಒಟ್ಟಿಗೇ ಕೂತು ಮಾಡಬೇಕು. ಯಾವ ಶಾಸ್ತ್ರದಲ್ಲೂ ಹಾಗೆ ಹೇಳಿಲ್ಲ. ಅದು ಅವರಿಬ್ಬರೇ ಮಾಡಿಕೊಂಡ ಶಾಸ್ತ್ರ. ಅಗಸೆ ಸೊಪ್ಪಿನ ಪಲ್ಯ, ನೆಲ್ಲಿಕಾಯಿ ತಂಬುಳಿ, ಬಿಸಿ ಅನ್ನ, ಮತ್ತು ಹದಿನೈದು ದಿನದಿಂದ ಕೂಡಿಟ್ಟ ಮಾತು. ಸೊಸೆಯಂದಿರ ವಿಚಾರವೂ ಅದರಲ್ಲಿ ಬರುತ್ತಿತ್ತೆಂದು ನನಗೆ ಗೊತ್ತು.

ಸಣ್ಣತ್ತೆ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡ ಮೇಲೆ ಮನೆಯಿಂದ ಹೊರಗೆ ಬರುವಂತಿರಲಿಲ್ಲ. ಅತ್ತೆಯೇ ಹೋಗಬೇಕು. ಬಸ್ಸು ಹತ್ತಲು ಮೊಣಕಾಲು ಬಿಡುತ್ತಿರಲಿಲ್ಲ, ರೈಲು ಹತ್ತಲು ಮಡಿ ಬಿಡುತ್ತಿರಲಿಲ್ಲ. ಟ್ಯಾಕ್ಸಿಯ ಮಾತೆತ್ತಿದರೆ, “ಅದ್ರಲ್ಲಿ ಯಾರ್ಯಾರು ಕೂತಿರ್ತಾರೋ, ಎಂತೆಂತ ತಿಂದಿರ್ತಾರೋ” ಎನ್ನುತ್ತಿದ್ದರು. ಹಾಗಾದರೆ ದೊರೆ ಕೂತ ಕಾರು? ಅದಕ್ಕೆ ಅವರು ಸ್ವತಃ ಗೋಮೂತ್ರ ಚಿಮುಕಿಸಿ, ಸೀಟಿನ ಮೇಲೆ ಉಣ್ಣೆಯ ಶಾಲು ಹಾಸಿ, ಸ್ಟಿಯರಿಂಗಿಗೆ ಒಂದು ತುಳಸಿ ಕುಡಿ ಸಿಕ್ಕಿಸಿದರು. ಅಲ್ಲಿಗೆ ಇಂಗ್ಲೆಂಡಿನ ಮೋರಿಸ್ ನಮ್ಮ ಅಡುಗೆಮನೆಯಷ್ಟೇ ಶುದ್ಧವಾಯಿತು. ಅದೇ ಉಪಚಾರ ಟ್ಯಾಕ್ಸಿಗೂ ಮಾಡಬಹುದಲ್ಲ ಎಂದು ನಾನೊಮ್ಮೆ ಕೇಳಿ ಬೈಸಿಕೊಂಡೆ. ಮನೆಯದು ಮನೆಯದೇ ಅಂತೆ.

ಹೀಗೆ ಪ್ರತಿ ಏಕಾದಶಿಯ ಸಂಜೆ ಇವರು ಗಲ್ಲಾಪೆಟ್ಟಿಗೆ ಬಿಟ್ಟು ಎದ್ದು, ತಾಯಿಯನ್ನು ಪಲ್ಲಾವರಂಗೆ ಕರೆದುಕೊಂಡು ಹೋಗುತ್ತಿದ್ದರು. ಮರುದಿನ ಊಟ ಮುಗಿಸಿ ಬರುವಾಗ ಅತ್ತೆಯ ಮುಖ ನೋಡಬೇಕು, ತವರಿಗೆ ಹೋಗಿ ಬಂದ ಹುಡುಗಿಯ ಕಳೆ ಇರುತ್ತಿತ್ತು.

ಐವತ್ತೊಂಬತ್ತರಲ್ಲಿ ಇವರು ಮೌಂಟ್ ರೋಡಿನ ಶೋರೂಮಿನಲ್ಲಿ ಹೊಸ ಫಿಯಟ್ ಕಾರಿಗೆ ಮುಂಗಡ ಕಟ್ಟಿ ಹೆಸರು ಬರೆಸಿದರು. ಅದೇ ದಿನ ಸಾಲಿನಲ್ಲಿ ಇವರ ಹಿಂದೆ ನಿಂತವರು ತಿರುಮಲೇಶ ಎಂಬ ಮೈಸೂರಿನವರು, ಇನ್ಶೂರೆನ್ಸ್ ಆಫೀಸರು. ಕನ್ನಡ ಕೇಳಿ ಮಾತಾಡಿಸಿ, ಅಂದಿನಿಂದ ನಮ್ಮ ಹೋಟೆಲಿನ ಕಾಫಿಗೆ ಬರತೊಡಗಿದರು. ಎರಡು ವರ್ಷ ಕಳೆದರೂ ಇಬ್ಬರಿಗೂ ಕಾರು ಬರಲಿಲ್ಲ. ಕೇಳಿದಾಗಲೆಲ್ಲ ಶೋರೂಮಿನವರು “ಇನ್ನೇನು ಬಂತು” ಎನ್ನುತ್ತಿದ್ದರು, ಇವರು ಪ್ರತಿ ಸಲವೂ ಅದನ್ನು ನಂಬಿಕೊಂಡು ಬರುತ್ತಿದ್ದರು.

ಅರವತ್ತೊಂದರಲ್ಲಿ ಒಂದು ದಿನ ಕಿಟ್ಟಣ್ಣ ಎಂಬ ಕಾರು ಬ್ರೋಕರು ಬಂದ. ಮೂರು ತಲೆಮಾರಿನಿಂದ ಮದ್ರಾಸಿನಲ್ಲೇ ಇರುವ ಮನೆತನ, ಅವನ ಕನ್ನಡದಲ್ಲಿ ಅರ್ಧ ತಮಿಳು. ಮೋರಿಸ್ಸಿಗೆ ಅವನು ಹೇಳಿದ ಬೆಲೆ ಕೇಳಿ ಇವರ ಕೈಯಲ್ಲಿದ್ದ ಕಾಫಿ ಲೋಟ ಅಲ್ಲೇ ನಿಂತಿತು. ದೊರೆಗೆ ಕೊಟ್ಟದ್ದರ ದುಪ್ಪಟ್ಟಿಗಿಂತ ಹೆಚ್ಚು.

“ಎಂತ ಮಾರಾಯ ನೀನು ಹೇಳುದು? ಆರು ವರ್ಷ ಓಡಿಸಿದ್ದೇನೆ ನಾನು. ಸೀಟು ಹರಿದಿದೆ.”

“ಸೀಟು ಕಿಡಕ್ಕಟ್ಟುಂ, ಬಿಡಿ ಸಾರ್. ಹೊರದೇಶದ ವಂಡಿ ಬರೋದು ನಿಂತೋಯ್ತು. ಇಲ್ಲಿ ಮಾಡೋದು ರೊಂಬ ಕಮ್ಮಿ, ಕ್ಯೂ ಮಾತ್ರ ಇಷ್ಟುದ್ದ. ಒಬ್ಬ ಡಾಕ್ಟರ್ಗೆ ಇವತ್ತೇ ವಂಡಿ ಬೇಕು ಅಂತ ಇಟ್ಕೊಳ್ಳಿ, ಹೊಸದಕ್ಕೆ ಹೆಸರು ಬರೆಸಿದ್ರೆ ಎಷ್ಟು ವರ್ಷ ಆಗುತ್ತೋ. ಅವರು ಎಲ್ಲಿಗೆ ಹೋಗ್ತಾರೆ? ನಿಮ್ಮ ಹಳೇ ವಂಡಿಗೇ ಬರಬೇಕು.”

ಇವರಿಗೆ ನಗು ತಡೆಯಲಾಗಲಿಲ್ಲ. ಜೀವಮಾನದಲ್ಲೆಲ್ಲ ಅವರು ಕಂಡ ಲೋಕದಲ್ಲಿ ಬೆಳಗಿನ ಇಡ್ಲಿಗೆ ಸಂಜೆ ಬೆಲೆ ಇಲ್ಲ. ಹೋಟೆಲಿನವರಿಗೆ ಒಂದೇ ನಿಯಮ: ಬಾಗಿಲಲ್ಲಿ ಜನ ನಿಂತಿರುವಾಗಲೇ ಪಾತ್ರೆ ಖಾಲಿ ಮಾಡಬೇಕು, ಉಳಿಸಿಕೊಂಡು ಕೂತರೆ ಹಳಸುತ್ತದೆ. ಈರುಳ್ಳಿಗೆ ಬರ ಬಂದರೂ ಸಕ್ಕರೆಗೆ ಬರ ಬಂದರೂ ನಾಲ್ಕು ತಿಂಗಳಲ್ಲಿ ಸರಿಹೋದದ್ದನ್ನು ಅವರು ನೋಡಿದ್ದಾರೆ. ಕಾರಿನ ಬರವೂ ಹಾಗೇ ಎಂದುಕೊಂಡರು. ಹೊಸ ಕಾರು ಇನ್ನೇನು ಬರುತ್ತದೆ, ಆಮೇಲೆ ಈ ಹಳೆಯದನ್ನು ಕೇಳುವವರಿಲ್ಲ.

“ಏಕಾದಶಿಗೆ ಅತ್ತೆ ಹೇಗೆ ಹೋಗುದು?” ಎಂದು ನಾನು ಕೇಳಿದೆ.

“ಒಂದೆರಡು ಏಕಾದಶಿ ತಪ್ತದೆ, ಅಷ್ಟೇ ಅಲ್ವ? ಅಮ್ಮ ಒಪ್ಪಿದ್ದಾರೆ.”

ಅತ್ತೆ ಮಗ ಹೇಳಿದ ಯಾವುದಕ್ಕೆ ತಾನೇ ಬೇಡ ಎಂದವರು? ಕಾರು ಹೋಯಿತು. ಕೊಂಡವರು ಬೇರಾರೂ ಅಲ್ಲ, ಕಾದು ಬೇಸತ್ತಿದ್ದ ತಿರುಮಲೇಶರೇ.

ಇವರಿಗೆ ಹೊಳೆಯದೆ ಹೋದದ್ದು ಬಹಳ ಸಣ್ಣ ಸಂಗತಿ. ಹೋಟೆಲಿನಲ್ಲಿ ಪಾತ್ರೆ ಖಾಲಿಯಾದರೆ ಒಳಗೆ ರುಬ್ಬಿಟ್ಟ ಹಿಟ್ಟು ಇರುತ್ತದೆ. ಕಾರಿಗೆ ಹಿಟ್ಟು ಎಲ್ಲಿಂದ ತರುವುದು? ಕಾಫಿಬೀಜ ತುಟ್ಟಿಯಾದಾಗ ಚಿಕೋರಿ ಬೆರೆಸಿದ ಹಾಗೆ ಬೆರೆಸಲಿಕ್ಕೂ ಬರುವುದಿಲ್ಲ. ನಾನು ಈ ಮಾತು ಹೇಳಿದಾಗ ಮೂರು ದಿನ ನನ್ನ ಜೊತೆ ಮಾತು ಬಿಟ್ಟರು.

ಒಂದೆರಡು ಏಕಾದಶಿ ಎಂದದ್ದು ವರ್ಷ ದಾಟಿತು. ಶೋರೂಮಿನವರು ಈಗ “ಇನ್ನೇನು ಬಂತು” ಎನ್ನುವುದನ್ನೂ ಬಿಟ್ಟಿದ್ದರು. ಅತ್ತೆ ಒಂದು ದಿನವೂ ಗೊಣಗಲಿಲ್ಲ, ನನಗೆ ಸಿಟ್ಟು ಬಂದದ್ದೇ ಅದಕ್ಕೆ. ಗೊಣಗಿದ್ದರೆ ನಾನೂ ನಾಲ್ಕು ಮಾತು ಸೇರಿಸಬಹುದಿತ್ತು. ದ್ವಾದಶಿಯ ಬೆಳಗ್ಗೆ ಅಡುಗೆಮನೆಯ ಗೋಡೆಗೆ ಮುಖಮಾಡಿ ಕೂತು, ನಾನು ಬಡಿಸಿದ್ದರಲ್ಲಿ ಎರಡು ತುತ್ತು ಉಂಡು ಎಲೆ ಮಡಿಸುತ್ತಿದ್ದರು. “ಯಾಕೆ ಅತ್ತೆ, ಪಲ್ಯ ಆಗ್ಲಿಲ್ವ?” ಎಂದರೆ, “ಒಳ್ಳೇದಾಗಿದೆ ತುಂಗಾ. ಒಬ್ಳೇ ಎಷ್ಟು ಅಂತ ಉಣ್ಣುದು” ಎನ್ನುತ್ತಿದ್ದರು. ಅತ್ತ ಪಲ್ಲಾವರಂನಿಂದ ಬಂದ ಸಣ್ಣತ್ತೆಯ ಮಗ, ಅಮ್ಮ ಈಗೀಗ ಜನರ ಗುರುತು ತಪ್ಪುತ್ತಾಳೆ, ಅಕ್ಕನನ್ನು ಮಾತ್ರ ಕೇಳುತ್ತಾಳೆ ಎಂದು ಹೇಳಿ ಹೋದ.

ಇವರು ಆ ಮಾತನ್ನು ಗಲ್ಲಾಪೆಟ್ಟಿಗೆಯ ಹಿಂದೆ ಕೂತು ಕೇಳಿದರು. ಆ ಮಧ್ಯಾಹ್ನವೇ ಕಿಟ್ಟಣ್ಣನಿಗೆ ಹೇಳಿಕಳಿಸಿದರು.

“ನಮ್ಮ ಮೋರಿಸ್ ವಾಪಸು ಬೇಕು.”

ಕಿಟ್ಟಣ್ಣ ತಿರುಮಲೇಶರನ್ನು ಕಂಡು ಬಂದ. ಅವರು ಮಾರುವುದಿಲ್ಲವಂತೆ. ಮಾರಿದರೆ ನಾನು ಯಾವುದರಲ್ಲಿ ಆಫೀಸಿಗೆ ಹೋಗಲಿ ಎಂದರಂತೆ. ಹೋದ ವರ್ಷ ಇವರು ಕೇಳಿಕೊಳ್ಳಬೇಕಾಗಿದ್ದ ಪ್ರಶ್ನೆ ಅದು. ಇವರು ಬೆಲೆ ಏರಿಸಿದರು, ಅವರು ತಲೆಯಾಡಿಸಿದರು, ಇವರು ಮತ್ತೆ ಏರಿಸಿದರು. ಕೊನೆಗೆ ತಿರುಮಲೇಶರ ಹೆಂಡತಿಯೇ, ಈ ಬೆಲೆಗೆ ಬಸ್ಸಿನಲ್ಲಿ ಹೋಗಿ ಪರವಾಗಿಲ್ಲ ಎಂದು ಗಂಡನನ್ನು ಒಪ್ಪಿಸಿದಳಂತೆ. ಜಾಣೆ.

ಬೆಲೆ ಎಷ್ಟೆಂದು ತಿಳಿದಾಗ ನಾನು ರುಬ್ಬುವ ಕಲ್ಲಿನ ಎದುರಿನಿಂದ ಎದ್ದೇ ಬಿಟ್ಟೆ. ಅದು ಹೊಸ ಫಿಯಟ್ಟಿನ ಬೆಲೆಗಿಂತ ಹೆಚ್ಚು. ಮೋರಿಸ್ ಮಾರಿ ಬಂದದ್ದು ಸಾಲದೆ, ಹೊಸ ಕಾರಿಗೆಂದು ಕೂಡಿಟ್ಟದ್ದೂ ಹೋಗಬೇಕು, ಶೋರೂಮಿನಲ್ಲಿ ಹೆಸರು ಹೊಡೆದುಹಾಕಿಸಿ ಮುಂಗಡವನ್ನೂ ವಾಪಸು ತರಬೇಕು. ಅಂದರೆ ಹೊಸ ಕಾರಿನ ಆಸೆ ಅಲ್ಲಿಗೆ ಮುಗಿಯಿತು.

“ನಿಮಗೆ ತಲೆ ಸರಿ ಉಂಟ?” ಎಂದೆ. “ನೀವೇ ಮಾರಿದ ಹಳೇ ಡಬ್ಬ. ಈಗ ಇನ್ನೂ ಒಂದು ವರ್ಷ ಹಳತಾಗಿದೆ. ಅದಕ್ಕೆ ಹೊಸದಕ್ಕಿಂತ ಹೆಚ್ಚು ಕೊಡುದಾ? ನಿಮ್ಮ ಹೋಟ್ಲಲ್ಲಿ ಯಾರಾದ್ರೂ ಹೀಗೆ ಮಾಡಿದ್ರೆ ನೀವು ಎಂತ ಹೇಳ್ತಿದ್ರಿ?”

ಇವರು ಹೆಗಲ ಮೇಲಿನ ಬೈರಾಸದಿಂದ ಮುಖ ಒರೆಸಿಕೊಂಡು ಬಾಗಿಲ ಹೊಸಿಲ ಮೇಲೆ ಕೂತರು. ಜಗಳಕ್ಕೆ ನಾನು ಸಿದ್ಧಳಾಗಿದ್ದೆ, ಅವರು ಜಗಳಕ್ಕೇ ಬರಲಿಲ್ಲ.

“ಹೊಸದು ಬಂದೇ ಬರ್ತದೆ ತುಂಗಾ. ಎರಡು ವರ್ಷಕ್ಕೋ ಮೂರು ವರ್ಷಕ್ಕೋ. ನಾನು ಕಾಯ್ತೇನೆ, ನೀನೂ ಕಾಯ್ತಿ. ಆದ್ರೆ ಅವರಿಬ್ಬರ ಹತ್ರ ಅಷ್ಟು ವರ್ಷ ಇಲ್ಲ ಅಲ್ವ? ನಾನು ಹೆಚ್ಚು ಕೊಡುದು ಕಾರಿಗಲ್ಲ ಮಾರಾಯ್ತಿ. ಬರುವ ಏಕಾದಶಿಗೆ ಅಮ್ಮನನ್ನು ಕರ್ಕೊಂಡು ಹೋಗ್ಲಿಕ್ಕೆ.”

ಇವರ ಮೇಲೆ ತುಂಬ ಪ್ರೀತಿ ಬಂತು, ಅದನ್ನು ಹೇಳುವ ಅಭ್ಯಾಸ ನಮ್ಮಲ್ಲಿಲ್ಲದ ಕಾರಣ ಒಂದು ಲೋಟ ಕಾಫಿ ಮಾಡಿಕೊಟ್ಟೆ.

ಬ್ರಾಡ್ವೇ ರಸ್ತೆಯ ಹೋಟೆಲಿನವರೆಲ್ಲ ಇವರನ್ನು ಎಷ್ಟು ಗೇಲಿ ಮಾಡಿದರೋ ಲೆಕ್ಕವಿಲ್ಲ. ಮಾರಿದ್ದನ್ನೇ ಮೇಲೆ ದುಡ್ಡು ಸುರಿದು ಕೊಂಡ ಭಟ್ಟರು ಎಂದೇ ಹೆಸರಾಯಿತು. ಇವರು ಅವರ ಜೊತೆ ಸೇರಿ ತಾವೂ ನಗುತ್ತಿದ್ದರು. ಆ ಏಕಾದಶಿಯ ಸಂಜೆ ಅತ್ತೆ ಮತ್ತೆ ಶಾಲು ಹಾಸಿ ಮೋರಿಸ್ಸಿನಲ್ಲಿ ಕೂತರು, ನಾನೂ ಹೋದೆ. ಪಲ್ಲಾವರಂನಲ್ಲಿ ಮಂಚದ ಮೇಲಿದ್ದ ಸಣ್ಣತ್ತೆ ನನ್ನನ್ನು ಗುರುತಿಸಲಿಲ್ಲ, ಇವರನ್ನೂ ಗುರುತಿಸಲಿಲ್ಲ. ಅಕ್ಕನನ್ನು ನೋಡಿ, “ಎಷ್ಟು ತಡ ಮಾಡಿದೆ ಅಕ್ಕು, ಹಸಿವಾಗ್ತದೆ” ಎಂದರು. ಮರುದಿನ ಬೆಳಗಿನ ಜಾವ ಮಂಚದ ಪಕ್ಕಕ್ಕೇ ಎರಡು ಎಲೆ ಹಾಕಿದೆವು. ಅತ್ತೆ ತಂಗಿಗೆ ತುತ್ತು ಮಾಡಿ ಉಣ್ಣಿಸಿದರು, ತಾವೂ ಎರಡು ಸಲ ಅನ್ನ ಹಾಕಿಸಿಕೊಂಡರು.

ಒಂದು ವರ್ಷಕ್ಕಿಂತ ಹೆಚ್ಚು ಕಾಲ ಅದು ಹಾಗೆಯೇ ನಡೆಯಿತು, ಒಂದು ದ್ವಾದಶಿಯೂ ತಪ್ಪಲಿಲ್ಲ. ಅರವತ್ತಮೂರರ ಐಪ್ಪಸಿ ತಿಂಗಳ ಮಳೆಯಲ್ಲಿ, ದೀಪಾವಳಿಯ ಹೊತ್ತಿಗೆ, ಸಣ್ಣತ್ತೆ ತೀರಿಕೊಂಡರು. ಹಿಂದಿನ ದಿನವಷ್ಟೇ ಅಕ್ಕನ ಕೈಯಿಂದ ಊಟ ಮಾಡಿದ್ದರು.

ಅದಾಗಿ ಎರಡು ತಿಂಗಳ ಮೇಲೆ, ಒಂದು ಬೆಳಗ್ಗೆ ಹೋಟೆಲಿನ ಮುಂದೆ ಹಾರನ್ ಕೇಳಿಸಿತು. ತಿರುಮಲೇಶರ ಹೊಸ ಫಿಯಟ್. ಆಗಲೇ ಹೂವಿನ ಹಾರ ಹಾಕಿಸಿಕೊಂಡು ಬಂದಿದ್ದರು. ಮೊದಲು ನಮಗೇ ತೋರಿಸಬೇಕೆಂದು ಬಂದವರು, ಒಳ್ಳೆಯ ಮನುಷ್ಯ. ಸಾಂಬಾರು ಬಡಿಸುತ್ತಿದ್ದ ಇವರು ಹಾಗೇ ಹೊರಗೆ ಬಂದು ಸುತ್ತ ತಿರುಗಿ ನೋಡಿ, ಎಡಗೈಯಿಂದ ಬಾಗಿಲು ತೆಗೆದು ಮುಚ್ಚಿ, ಬಾಯಿತುಂಬ ಹೊಗಳಿದರು.

“ನಿಮ್ಮ ಹೆಸರು ನನ್ನ ಹೆಸರಿಗಿಂತ ಮೇಲೇ ಇತ್ತಲ್ಲ ಭಟ್ರೆ. ಇನ್ನೊಂಚೂರು ಕಾದಿದ್ರೆ ನಿಮಗೂ ಬಂದಿರ್ತಿತ್ತು, ಅಷ್ಟೊಂದು ದುಡ್ಡೂ ಉಳಿದಿರ್ತಿತ್ತು” ಎಂದರು ತಿರುಮಲೇಶರು, ನಿಜವಾದ ಮರುಕದಿಂದಲೇ.

“ಹೌದು ಸ್ವಾಮಿ” ಎಂದರು ಇವರು.

ಅತ್ತೆ ಆಗಷ್ಟೇ ಮಿಂದು ಮಡಿಸೀರೆ ಉಟ್ಟು ಒಳಬಾಗಿಲಲ್ಲಿ ನಿಂತಿದ್ದರು. ಹಾಗಿರುವಾಗ ಮೊಮ್ಮಕ್ಕಳು ಹತ್ತಿರ ಬಂದರೂ ದೂರ ಸರಿಯುವವರು.

“ಇದು ಯಾವಾಗ ಬಂದದ್ದು?” ಎಂದು ಕೇಳಿದರು.

“ಇವತ್ತೇ ಅಮ್ಮಾ” ಎಂದರು ತಿರುಮಲೇಶರು.

ಅತ್ತೆ ಸ್ವಲ್ಪ ಹೊತ್ತು ಆ ಹೊಳೆಯುವ ಕಾರನ್ನು ನೋಡುತ್ತ ನಿಂತರು. ಆಮೇಲೆ ನಿಧಾನವಾಗಿ ಹೋಟೆಲನ್ನು ದಾಟಿ ಬೀದಿಬಾಗಿಲಿಗೆ ಬಂದು, ಸಾಂಬಾರಿನ ಕೈಯಲ್ಲೇ ನಿಂತಿದ್ದ ಮಗನ ತಲೆಯನ್ನು ಎಲ್ಲರೆದುರಿಗೆ ಎರಡೂ ಕೈಯಿಂದ ಸವರಿದರು. ಮತ್ತೊಮ್ಮೆ ಮೀಯಲು ಬಚ್ಚಲಿಗೆ ಹೋದರು.